ಹವಳದ ತೊಟ್ಟಿಗೆ ಒಂದೇ ಅಗುಳು

ಕಡಲ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಊಟಕ್ಕೊಂದು ಕಟ್ಟಳೆ ಇತ್ತು. ಬೇರೊಂದು ಜೀವದ ಬಾಯಿಗೆ ಅನ್ನ ಬೀಳದೆ ತನ್ನ ಬಾಯಿಗೆ ತುತ್ತು ಇಡಬಾರದು.

ಅದಕ್ಕಾಗಿಯೇ ಅಂಗಳದಲ್ಲೊಂದು ಚಪ್ಪಟೆ ಕಲ್ಲಿತ್ತು. ಎಲ್ಲರೂ ಅದನ್ನು ಕಾಗೆಕಲ್ಲು ಅನ್ನುತ್ತಿದ್ದರು. ಎಲೆಗೆ ಬಡಿಸಿದ ಮೇಲೆ ಒಬ್ಬೊಬ್ಬರೂ ಎದ್ದು ಹೋಗಿ ಒಂದು ತುತ್ತು ಅಲ್ಲಿಟ್ಟು ಬರಬೇಕು. ಕಾಗೆ ಕೊಕ್ಕು ಹಾಕಿದ ಮೇಲೆಯೇ ಊಟ. ಕಾಗೆ ತಡಮಾಡಿದರೆ ಸಾರು ಆರಿಹೋಗುತ್ತಿತ್ತು, ಹೊಟ್ಟೆ ಗುರುಗುಟ್ಟುತ್ತಿತ್ತು, ಆದರೂ ಯಾರೂ ಎಲೆಗೆ ಕೈ ಹಾಕುವಂತಿರಲಿಲ್ಲ.

ಈ ಕಟ್ಟಳೆ ಮಾಡಿದವರು ಅಲ್ಲಿಯ ಗುರುಗಳು. ಆಶ್ರಮದವರೆಲ್ಲ ಅವರನ್ನು ಅಪ್ಪಯ್ಯ ಎಂದೇ ಕರೆಯುತ್ತಿದ್ದರು.

ಶಿಷ್ಯರಲ್ಲಿ ಸುಬ್ರಾಯ ಎಂಬವನೊಬ್ಬ. ಕೆಲಸದಲ್ಲಿ ಗಟ್ಟಿ, ಭಕ್ತಿಯಲ್ಲಿ ಇನ್ನೂ ಗಟ್ಟಿ. ಅಪ್ಪಯ್ಯ ಸೀನಿದರೂ ಅದರಲ್ಲೊಂದು ಉಪದೇಶ ಹುಡುಕುವ ಪೈಕಿ. ಇಂಥವರನ್ನು ಕಂಡರೆ ನನಗೆ ಪ್ರೀತಿಯೂ ಹೌದು, ಸ್ವಲ್ಪ ಹೆದರಿಕೆಯೂ ಹೌದು.

ಒಂದು ವರ್ಷ ಮಳೆಗಾಲ ಹಿಡಿಯುವ ಮುಂಚೆ ಎದುರಿನ ದ್ವೀಪದ ಬಳಿ ದೊಡ್ಡ ದೋಣಿಯೊಂದರ ಲಂಗರು ಎಳೆದು, ನೀರಡಿಯ ಹವಳದ ಬಂಡೆ ಒಡೆದುಹೋಯಿತು. ಕಡಲಿನ ಜೀವಿಗಳ ಬಗ್ಗೆ ಓದಿಕೊಂಡಿದ್ದ ಫಿಲೋಮಿನಾ ಎಂಬಾಕೆ ನೀರಿಗೆ ಮುಳುಗಿ, ಇನ್ನೂ ಬದುಕಿದ್ದ ತುಂಡುಗಳನ್ನು ಆರಿಸಿ ತಂದಳು. ಮಳೆಗಾಲದ ಅಬ್ಬರ ಕಳೆದು ಕಡಲು ತಣ್ಣಗಾಗುವ ತನಕ ಅವಕ್ಕೊಂದು ನೆಲೆ ಬೇಕಿತ್ತು.

'ಜೀವ ಅಲ್ಲವೇ, ಇಲ್ಲೇ ಇರಲಿ' ಅಂದರು ಅಪ್ಪಯ್ಯ.

ಊಟದ ಜಗಲಿಯ ತುದಿಗೆ ಗಾಜಿನ ತೊಟ್ಟಿ ಬಂತು. ಅದರ ತುಂಬ ಕಡಲ ನೀರು, ನೀರು ತಿರುಗಿಸಲು ಪಂಪು, ಮೇಲೊಂದು ದೀಪ. ಒಳಗೆ ಮರಳಿನ ಮೇಲೊಂದು ಸಣ್ಣ ಬಂಡೆ, ಅದರ ಮೇಲೆ ಹವಳದ ತುಂಡುಗಳು, ಒಂದಷ್ಟು ಬಸವನಹುಳು, ನಾಲ್ಕಾರು ಪಟ್ಟೆ ಮೀನು. ನೋಡಿಕೊಳ್ಳುವ ಕೆಲಸ ಸುಬ್ರಾಯನ ಪಾಲಿಗೆ ಬಂತು.

ಫಿಲೋಮಿನಾ ಅವನನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಹೇಳಿದಳು. 'ಸುಬ್ರಾಯರೇ, ಇದು ಕಲ್ಲು ಅಂದುಕೊಳ್ಳಬೇಡಿ. ಹತ್ತಿರ ಬಂದು ನೋಡಿ. ಸಣ್ಣ ಸಣ್ಣ ಬಾಯಿ ಕಾಣ್ತದಾ?'

ಸುಬ್ರಾಯ ಮೂಗನ್ನು ಗಾಜಿಗೆ ಒತ್ತಿ ನೋಡಿದ. ತುಂಡಿನ ಮೈತುಂಬ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಅವನು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ.

'ದ್ವೀಪದ ಆ ಮಗ್ಗುಲಲ್ಲಿ ಉಳಿದ ಹವಳ ಅಂದರೆ ಇಷ್ಟೇ' ಅಂದಳು ಆಕೆ. 'ಚೌತಿ ಕಳೆದ ಮೇಲೆ ಇವನ್ನು ಒಯ್ದು ಅದೇ ಬಂಡೆಗೆ ಅಂಟಿಸಬೇಕು. ಇವು ಸತ್ತರೆ ಅಲ್ಲಿ ಮತ್ತೆ ಹುಟ್ಟುವುದಕ್ಕೆ ಬೀಜವೂ ಇಲ್ಲ.'

'ನಾನೆಂತ ಮಾಡಬೇಕು?'

'ಮೀನಿಗೆ ದಿನಕ್ಕೊಂದು ಚಿಟಿಕೆ ಆಹಾರ ಹಾಕಿ. ಬೇರೆ ಯಾವುದನ್ನೂ ಹಾಕಬೇಡಿ. ಮಿಕ್ಕಿದ್ದು ಕೊಳೆತರೆ ಪಾಚಿಗೆ ಹಬ್ಬ. ಪಾಚಿ ಹವಳದ ಮೇಲೆ ಹತ್ತಿದರೆ ಅದು ಉಸಿರು ಕಟ್ಟಿ ಸಾಯ್ತದೆ. ಇದನ್ನು ಎಲ್ಲರಿಗೂ ಹೇಳಿ. ಸ್ವಾಮಿಗಳಿಗೂ ಹೇಳಿ.'

ಸುಬ್ರಾಯ ತಲೆಯಾಡಿಸಿದ. ಆದರೆ ಯಾರಿಗೂ ಹೇಳಲಿಲ್ಲ. ತೊಟ್ಟಿಯ ಕೆಲಸ ತನ್ನದು, ಬೇರೆಯವರಿಗೆ ಯಾಕೆ ಅಂದುಕೊಂಡ. ಅಪ್ಪಯ್ಯನಿಗಂತೂ ತಿಳಿಯದ್ದು ಎಂತ ಉಂಟು ಅಂದುಕೊಂಡ.

ಮೊದಲು ಬಂದದ್ದು ಕಂದು ಪುಡಿ. ಮರಳಿನ ಮೇಲೆ, ಗಾಜಿನ ಮೇಲೆ, ತೆಳ್ಳಗೆ ಕೂತಿತ್ತು.

ಸುಬ್ರಾಯ ಅಪ್ಪಯ್ಯನ ಕುಟಿಗೆ ಓಡಿದ. 'ಅಪ್ಪಯ್ಯ, ತೊಟ್ಟಿಗೆ ಪಾಚಿ ಬಂದಿದೆ.'

ಅಪ್ಪಯ್ಯ ಕಣ್ಣು ತೆರೆಯದೆ ಕೇಳಿದರು. 'ಯಾರು ಕರೆದರು?'

ಸುಬ್ರಾಯ ಕೈ ಮುಗಿದು ಹೊರಗೆ ಬಂದ. ಆ ಮಾತನ್ನು ಮಂತ್ರದ ಹಾಗೆ ಜಪಿಸಿದ. ಅದಕ್ಕೆ ಉತ್ತರ ಹುಡುಕಬೇಕು ಅಂತ ಮಾತ್ರ ಹೊಳೆಯಲಿಲ್ಲ.

ಫೋನು ಮಾಡಿದರೆ ಫಿಲೋಮಿನಾ ನಕ್ಕಳು. 'ಹೊಸ ತೊಟ್ಟಿಗೆ ಅದು ಬರುವುದೇ. ತಾನಾಗಿ ಹೋಗ್ತದೆ, ಬಿಡಿ.'

ಅದು ಹಾಗೆಯೇ ಹೋಯಿತು.

ಆಮೇಲೆ ಕೆಂಪು ಲೋಳೆ ಬಂತು. ಹಾಲಿನ ಕೆನೆಯ ಹಾಗೆ ಎತ್ತಿದರೆ ಪದರ ಪದರವಾಗಿ ಎದ್ದು ಬರುತ್ತಿತ್ತು. ಸುಬ್ರಾಯ ಪೈಪಿನಲ್ಲಿ ಎಳೆದು ತೆಗೆದ, ನೀರು ನಿಂತ ಮೂಲೆಯ ಕಡೆಗೆ ಪಂಪನ್ನು ತಿರುಗಿಸಿದ, ಫಿಲೋಮಿನಾ ಕಳಿಸಿದ ಕ್ಯಾನುಗಳಿಂದ ಹೊಸ ನೀರು ಹಾಕಿದ.

ಆಮೇಲೆ ಹಸಿರು ಗುಳ್ಳೆಗಳು ಬಂದವು. ನೋಡಲು ಮಣಿಯ ಹಾಗೆ ಚೆಂದ. ಒಂದನ್ನು ಬೆರಳಲ್ಲಿ ಹಿಚುಕಿದ, ಪಟ್ ಅಂತ ಒಡೆಯಿತು. ಆ ಸಂಗತಿಯನ್ನು ಫೋನಿನಲ್ಲಿ ಹೇಳಿದ.

'ಒಡೆದಿರಾ?' ಅಂದಳು ಫಿಲೋಮಿನಾ. 'ಅದರೊಳಗೆ ಇದ್ದದ್ದೆಲ್ಲ ಬೀಜ ಮಾರಾಯರೇ. ಬುಡಸಮೇತ ಬಿಡಿಸಿ ಹೊರಗೆ ತೆಗೀಬೇಕಿತ್ತು.'

ಅಂದು ಸುಬ್ರಾಯ ಊಟಕ್ಕೂ ಏಳದೆ ಒಂದೊಂದೇ ಗುಳ್ಳೆಯನ್ನು ಉಗುರಿನಿಂದ ಬಿಡಿಸಿದ.

ಕೊನೆಗೆ ಬಂದದ್ದು ಹಸಿರು ಕೂದಲು. ಉದ್ದುದ್ದ ಎಳೆ, ನೀರಲ್ಲಿ ತೂಗಾಡುತ್ತಿತ್ತು. ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಸುತ್ತಿ ಕೀಳುತ್ತಿದ್ದ. ಬೆಳಿಗ್ಗೆ ಕಿತ್ತ ಜಾಗದಲ್ಲಿ ಎರಡು ದಿನಕ್ಕೆ ಮತ್ತೆ ಅಷ್ಟೇ.

'ಅಪ್ಪಯ್ಯ, ಹಸಿರು ಕೂದಲು ಹವಳದ ಬುಡಕ್ಕೆ ಬಂದಿದೆ.'

'ಯಾರು ಕರೆದರು?'

'ನಾನು ಒಂದೇ ಚಿಟಿಕೆ ಹಾಕುವುದು, ಅಪ್ಪಯ್ಯ. ಅದನ್ನೂ ಮೀನು ಬಾಯಲ್ಲೇ ಹಿಡಿಯುತ್ತದೆ.'

'ಹಾಗಾದರೆ ನೀನಲ್ಲ' ಅಂದರು ಅಪ್ಪಯ್ಯ. 'ಯಾರು ಕರೆದರು?'

ಆಷಾಢದ ಒಂದು ಬೆಳಿಗ್ಗೆ ಸುಬ್ರಾಯ ಬಂಡೆಯ ಅಡಿಗೆ ಕೈ ಹಾಕಿ ಕೂದಲು ಕೀಳುತ್ತಿದ್ದ. ಬೆರಳಿಗೆ ಮೆತ್ತಗೆ ಏನೋ ತಾಗಿತು. ಹೊರಗೆ ತೆಗೆದು ಅಂಗೈಯಲ್ಲಿಟ್ಟು ನೋಡಿದ.

ಅನ್ನದ ಅಗುಳು. ನೀರು ಕುಡಿದು ಊದಿ, ಸುತ್ತ ಹಸಿರು ನೂಲು ಹಿಡಿದಿತ್ತು.

ಮತ್ತೆ ಕೈ ಹಾಕಿದ. ಇನ್ನೂ ಸಿಕ್ಕಿದವು, ಮುಷ್ಟಿ ತುಂಬುವಷ್ಟು. ತನ್ನ ತೊಟ್ಟಿಗೆ ಯಾರೋ ಅನ್ನ ಹಾಕುತ್ತಿದ್ದಾರೆ.

ಅಂದು ಮಧ್ಯಾಹ್ನ ಅವನು ಜಗಲಿಯ ಬಿದಿರು ತಟ್ಟಿಯ ಹಿಂದೆ ನಿಂತ. ಕಳ್ಳನನ್ನು ಹಿಡಿಯಲೇಬೇಕು ಎಂದು ಹಲ್ಲು ಕಚ್ಚಿಕೊಂಡಿದ್ದ.

ಮೊದಲು ಬಂದವಳು ಅಡುಗೆಯ ಗೌರಕ್ಕ. ಎಲೆಯಿಂದ ಒಂದು ಅಗುಳು ತೆಗೆದು ತೊಟ್ಟಿಗೆ ಹಾಕಿದಳು, ಮೀನು ಬಂದು ಕಚ್ಚಿತು, ಕೈ ಮುಗಿದು ಹೋಗಿ ಊಟಕ್ಕೆ ಕೂತಳು. ಅವಳ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಸಾಲು ಸಾಲಾಗಿ ಎಲ್ಲರೂ ಬಂದರು, ಒಬ್ಬೊಬ್ಬರದೂ ಒಂದೇ ಅಗುಳು.

ಕಾಗೆಕಲ್ಲಿನ ಕಡೆಗೆ ಯಾರೂ ಹೋಗಲಿಲ್ಲ. ಯಾಕೆ ಹೋಗುತ್ತಾರೆ? ಕಾಗೆಯನ್ನು ಕಾಯಬೇಕು, ಮೀನಾದರೆ ತಾನೇ ಕಾದು ನಿಂತಿರುತ್ತದೆ. ಈಚೆಗೆ ಆಶ್ರಮದಲ್ಲಿ ಊಟ ಯಾಕೆ ಅಷ್ಟು ಬೇಗ ಮುಗಿಯುತ್ತಿತ್ತು ಅಂತ ಸುಬ್ರಾಯನಿಗೆ ಆಗ ತಿಳಿಯಿತು. ತಾನೂ ಮೀನಿನ ಚಿಟಿಕೆಯನ್ನೇ ತುತ್ತು ಅಂತ ಲೆಕ್ಕ ಹಿಡಿದು ಎಲ್ಲರಿಗಿಂತ ಮೊದಲೇ ಉಂಡು ಎದ್ದುಹೋಗುತ್ತಿದ್ದೆ, ಅದಕ್ಕೇ ಇದು ಕಣ್ಣಿಗೆ ಬಿದ್ದಿರಲಿಲ್ಲ ಅನ್ನುವುದೂ ನೆನಪಾಯಿತು.

ಸಿಟ್ಟಿನಿಂದ ಹೊರಗೆ ಬರಬೇಕು ಅನ್ನುವಾಗ ಕೊನೆಯವರು ಬಂದರು.

ಅಪ್ಪಯ್ಯ.

ಅವರು ತೊಟ್ಟಿಯ ಮುಂದೆ ಬಾಗಿ ಮೀನನ್ನು ಮಾತಾಡಿಸಿದರು. 'ಬಂದೆಯಾ, ಬಾ' ಅಂದರು. ಒಂದು ಅಗುಳು ಹಾಕಿದರು. ಮೀನು ಅರ್ಧ ಕಚ್ಚಿ ಬಿಟ್ಟಿತು. ಉಳಿದರ್ಧ ತೇಲುತ್ತಾ ಕೆಳಗಿಳಿದು ಹವಳದ ಸಂದಿಗೆ ಹೋಗಿ ಕೂತಿತು.

ಸುಬ್ರಾಯ ತಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಳ್ಳ ಸಿಕ್ಕಿದ್ದ, ಆದರೆ ಹಿಡಿಯಲು ಕೈ ಬರಲಿಲ್ಲ.

ಊಟ ಮುಗಿದ ಮೇಲೆ ಅಪ್ಪಯ್ಯ ಕುಟಿಗೆ ಹೋದರು. ಸುಬ್ರಾಯ ಉಳಿದವರನ್ನೆಲ್ಲ ಅಡುಗೆಮನೆಯ ಹಿಂದೆ ಕರೆದ.

'ತೊಟ್ಟಿಗೆ ಇನ್ನು ಯಾರೂ ಅನ್ನ ಹಾಕಬಾರದು. ಹವಳ ಸಾಯುತ್ತದೆ.'

'ನಾನು ಹಾಕಿದ್ದು ಒಂದೇ ಅಗುಳು, ತಮ್ಮ' ಅಂದಳು ಗೌರಕ್ಕ.

'ಎಲ್ಲರದೂ ಒಂದೇ ಅಗುಳು. ಸೇರಿಸಿದರೆ ಎಷ್ಟಾಯಿತು?'



'ಅಪ್ಪಯ್ಯ ಹಾಕುವುದನ್ನು ನೋಡಿಯೇ ನಾವು ಹಾಕಿದ್ದು' ಅಂದಳು ಗೌರಕ್ಕ. 'ಅವರಿಗೂ ಹೇಳು ಹಾಗಾದರೆ.'

'ಅಪ್ಪಯ್ಯನ ವಿಷಯ ಬೇರೆ.'

'ಹೇಗೆ ಬೇರೆ? ಅನ್ನ ಅದೇ ಪಾತ್ರೆಯದು. ನಾನೇ ಬೇಯಿಸಿದ್ದು.'

'ಅಪ್ಪಯ್ಯನ ಕೈಯಿಂದ ಬಿದ್ದ ಅಗುಳು ಪಾಚಿಯಾಗುವುದಿಲ್ಲ' ಅಂದ ಸುಬ್ರಾಯ.

ಹೀಗೆ ಹೇಳಿದವನು ಬ್ರಷ್ಷು ಹಿಡಿದು ಅದೇ ಪಾಚಿಯನ್ನು ತಿಂಗಳುಗಟ್ಟಲೆ ಕಿತ್ತವನು. ಭಕ್ತಿ ತಲೆಗೆ ಏರಿದರೆ ಕಣ್ಣಿನ ಕೆಲಸ ನಿಂತುಹೋಗುತ್ತದೆ, ಏನು ಮಾಡೋಣ.

'ನಿನಗೆ ಮರುಳು' ಅಂದು ಗೌರಕ್ಕ ಒಳಗೆ ಹೋದಳು.

'ಈ ಮಾತು ಅಪ್ಪಯ್ಯನ ಕಿವಿಗೆ ಬೀಳಬಾರದು' ಅಂತ ಸುಬ್ರಾಯ ಉಳಿದವರಿಗೆ ತಾಕೀತು ಮಾಡಿದ.

ಅಂದಿನಿಂದ ಎಲ್ಲರೂ ತಮ್ಮ ತುತ್ತನ್ನು ಹಿತ್ತಿಲ ಬೆಕ್ಕಿಗೆ ಹಾಕತೊಡಗಿದರು. ಬೆಕ್ಕು ಕೊಬ್ಬಿತು.

ತೊಟ್ಟಿಯ ಮೀನಿಗೆ ಮಾತ್ರ ಅನ್ನದ ರುಚಿ ಹತ್ತಿಹೋಗಿತ್ತು. ಅಪ್ಪಯ್ಯ ಬಂದರೆ ಸಾಕು, ಎಲ್ಲವೂ ನೀರಿನ ಮೇಲಕ್ಕೆ ನುಗ್ಗಿ ಬಾಯಿ ಬಿಡುತ್ತಿದ್ದವು. ಅಪ್ಪಯ್ಯನ ಕರುಳು ಚುರುಕ್ ಅಂದಿತು.

'ಸುಬ್ರಾಯ, ಇವು ಪಾಪ ಹಸಿದಿವೆಯಲ್ಲ. ನೀನು ಸರಿಯಾಗಿ ಹಾಕುತ್ತಿಲ್ಲವೇ?'

'ಹಾಕುತ್ತಿದ್ದೇನೆ, ಅಪ್ಪಯ್ಯ.'

'ಸಾಲುತ್ತಿಲ್ಲ, ನೋಡು' ಅಂದರು. ಅಂದು ಒಂದು ಅಗುಳಲ್ಲ, ಒಂದು ಹಿಡಿ ಹಾಕಿದರು. ತುಪ್ಪ ಕಲಸಿದ ಅನ್ನ. ನೀರಿನ ಮೇಲೆ ತುಪ್ಪದ ಕಣ್ಣುಗಳು ತೇಲಿದವು.

ಸುಬ್ರಾಯ ಪಕ್ಕದಲ್ಲೇ ತಂಬಿಗೆ ಹಿಡಿದು ನಿಂತಿದ್ದ. ಅಪ್ಪಯ್ಯನ ಕೈಗೆ ನೀರು ಹಾಕಿದ, ಒರೆಸಲು ಬಟ್ಟೆ ಕೊಟ್ಟ, ಮುಖದ ಮೇಲೊಂದು ನಗೆ ಇಟ್ಟುಕೊಂಡ. ಅವರು ಅತ್ತ ಹೋದದ್ದೇ ಜಾಲರಿ ಹಿಡಿದು ತೊಟ್ಟಿಗೆ ಬಿದ್ದ. ಸಿಕ್ಕಿದಷ್ಟು ಎತ್ತಿದ, ಉಳಿದದ್ದು ಬಂಡೆಯ ಸಂದಿಗೆ ಹೋಯಿತು.

ಮರುದಿನವೂ ಒಂದು ಹಿಡಿ. ಅದರ ಮರುದಿನವೂ.

ಹಸಿರು ಕೂದಲು ಹವಳದ ಹೆಗಲಿಗೆ ಏರಿತು. ಬಸವನಹುಳುಗಳು ಒಂದೊಂದಾಗಿ ಮಗುಚಿ ಬಿದ್ದವು. ಸುಬ್ರಾಯನ ಬೆರಳ ತುದಿಗಳು ಉಪ್ಪುನೀರಿಗೆ ಬಿರಿದು ರಕ್ತ ಜಿನುಗುತ್ತಿತ್ತು.

ಒಂದು ದಿನ ಅವನು ಧೈರ್ಯ ಮಾಡಿ ಕುಟಿಗೆ ಹೋದ. 'ಅಪ್ಪಯ್ಯ, ಪಾಚಿ ತುಂಬಾ ಆಗಿದೆ.'

ಅಪ್ಪಯ್ಯ ಈ ಸಲ ಕಣ್ಣು ತೆರೆದರು. ಅವನ ಬೆರಳುಗಳನ್ನು ನೋಡಿದರು. ಮೆತ್ತಗೆ ಕೇಳಿದರು. 'ಇಷ್ಟು ದಿನ ಹುಡುಕಿದ್ದೀಯ. ಈಗಲಾದರೂ ಗೊತ್ತಾಯಿತೇ? ಯಾರು ಕರೆದರು?'

ಸುಬ್ರಾಯ ಬಾಯಿ ತೆರೆದ. ನೀವು, ಅನ್ನಬೇಕಿತ್ತು. ಒಂದೇ ಮಾತು.

'ಗೊತ್ತಾಗಲಿಲ್ಲ, ಅಪ್ಪಯ್ಯ' ಅಂದ.

ಗುರುವಿನ ಮುಂದೆ ಅವನು ಆಡಿದ ಮೊದಲ ಸುಳ್ಳು ಅದು.

ಚೌತಿ ಕಳೆಯಿತು. ಕಡಲು ತಣ್ಣಗಾಯಿತು. ಒಂದು ಬೆಳಿಗ್ಗೆ ಫಿಲೋಮಿನಾ ದೋಣಿ ಹತ್ತಿಕೊಂಡು ಬಂದಳು. ಹವಳ ಒಯ್ಯಲು ತಂದ ಡಬ್ಬಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟಳು. ನಗುತ್ತಾ ತೊಟ್ಟಿಯ ಕಡೆಗೆ ತಿರುಗಿದಳು.

ನಗೆ ಹಾಗೆಯೇ ನಿಂತುಹೋಯಿತು.

ಆಕೆ ಅಂಗಿಯ ತೋಳು ಮೇಲಕ್ಕೆ ಮಡಚಿ ನೀರಿಗೆ ಕೈ ಹಾಕಿದಳು. ಒಂದು ತುಂಡಿನ ಮೇಲಿನ ಹಸಿರು ಕೂದಲನ್ನು ಸರಿಸಿದಳು. ಅಡಿಯಲ್ಲಿ ಬರಿ ಬಿಳಿ ಎಲುಬು. ಇನ್ನೊಂದನ್ನು ಸರಿಸಿದಳು. ಅದೂ ಬಿಳಿ. ಮತ್ತೊಂದು, ಮತ್ತೊಂದು. ಒಂದರಲ್ಲೂ ಬಾಯಿ ಇರಲಿಲ್ಲ.

ಸುಬ್ರಾಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಪಾಚಿಯ ಅಡಿಯಲ್ಲಿ ಇಷ್ಟು ಆಗಿದೆ ಅಂತ ಅವನಿಗೂ ಗೊತ್ತಿರಲಿಲ್ಲ. ನೋಡಲು ಹೆದರಿ ನೋಡಿರಲಿಲ್ಲ.

ಅಷ್ಟರಲ್ಲಿ ಅಪ್ಪಯ್ಯ ಬಂದರು. ಕೈಯಲ್ಲಿ ಎಲೆಯ ತುಂಡು, ಅದರಲ್ಲಿ ಅನ್ನ. ಮುಖದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವವರ ಕಳೆ.

'ಹೊರಟವೇ? ಹೋಗುವ ಮೊದಲು ಒಂದು ತುತ್ತು ತಿಂದು ಹೋಗಲಿ' ಅಂದರು. ಹಿಡಿ ಅನ್ನವನ್ನು ತೊಟ್ಟಿಗೆ ಬಿಟ್ಟರು.

ಫಿಲೋಮಿನಾ ಕೈಯನ್ನು ನೀರಿನಿಂದ ತೆಗೆಯಲೂ ಮರೆತಳು. ಅಗುಳುಗಳು ಅವಳ ಬೆರಳ ಸಂದಿಯಿಂದ ಕೆಳಗಿಳಿದವು.

'ಸ್ವಾಮಿಗಳೇ, ಎಂತ ಹಾಕಿದಿರಿ?'

'ಅನ್ನ.'

'ದಿನಾ ಹಾಕ್ತೀರಾ?'

'ದಿನಾ ಹಾಕುತ್ತೇನೆ. ಮೊದಮೊದಲು ಒಂದೇ ಅಗುಳು. ಆಮೇಲೆ ಪಾಪ ಹಸಿದಿದ್ದವು.'

ಆಕೆ ನಿಧಾನವಾಗಿ ಸುಬ್ರಾಯನ ಕಡೆಗೆ ತಿರುಗಿದಳು. 'ನೀವು ಇವರಿಗೆ ಹೇಳಲಿಲ್ಲವಾ?'

ಸುಬ್ರಾಯ ನೆಲ ನೋಡಿದ.

ಅಪ್ಪಯ್ಯ ಆಕೆಯನ್ನು ನೋಡಿದರು, ಸುಬ್ರಾಯನನ್ನು ನೋಡಿದರು, ತೊಟ್ಟಿಯೊಳಗಿನ ಬಿಳಿ ಎಲುಬುಗಳನ್ನು ನೋಡಿದರು. ತುಪ್ಪ ಹತ್ತಿದ ಕೈ ಗಾಳಿಯಲ್ಲೇ ನಿಂತಿತು. ಆ ಮುದುಕರ ಮುಖ ಹಾಗೆ ಬಣ್ಣಗೆಟ್ಟದ್ದನ್ನು ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ.

'ನನ್ನ ಅನ್ನದಿಂದಲೇ?' ಅಂದರು.

'ಹೌದು' ಅಂದಳು ಫಿಲೋಮಿನಾ. ಅವಳಿಗೆ ಅಳು ಬಂದಿತ್ತು, ಮುಚ್ಚಿಡಲಿಲ್ಲ. 'ಅನ್ನ ಕೊಳೆತು ಪಾಚಿಗೆ ಗೊಬ್ಬರ ಆಯ್ತು.'

'ಎಲ್ಲವೂ ಸತ್ತವೇ?'

ಆಕೆ ಮತ್ತೆ ಹುಡುಕಿದಳು. ಪಂಪಿನ ನೀರು ನೇರ ಹೊಡೆಯುವ ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಸಣ್ಣ ತುಂಡೊಂದು ಸಿಕ್ಕಿತು. ಒಂದು ಮಗ್ಗುಲು ಬಿಳಿಯಾಗಿತ್ತು. ಇನ್ನೊಂದು ಮಗ್ಗುಲಲ್ಲಿ ಬಾಯಿಗಳು ಇನ್ನೂ ತೆರೆದು ಮುಚ್ಚುತ್ತಿದ್ದವು.

'ಇದೊಂದು ಉಂಟು' ಅಂದಳು. 'ಬಂಡೆ ಹಿಡಿಯುತ್ತದೋ ಇಲ್ಲವೋ ನಾನು ಹೇಳಲಾರೆ.'

ಅದನ್ನೊಂದು ಡಬ್ಬದಲ್ಲಿಟ್ಟುಕೊಂಡು, ಮೀನುಗಳನ್ನು ಇನ್ನೊಂದರಲ್ಲಿ ಹಿಡಿದುಕೊಂಡು ಹೊರಟಳು. ಉಳಿದ ಡಬ್ಬಗಳು ಖಾಲಿಯಾಗಿಯೇ ದೋಣಿಗೆ ವಾಪಸು ಹೋದವು.

ದೋಣಿಯ ಸದ್ದು ಅಡಗಿದ ಮೇಲೆ ಅಪ್ಪಯ್ಯ ಕೇಳಿದರು. 'ಯಾರು ಕರೆದರು, ಯಾರು ಕರೆದರು ಅಂತ ನಾನೇ ಕೇಳುತ್ತಿದ್ದೆ, ಅಲ್ಲವೇ?'

ಸುಬ್ರಾಯ ಅವರ ಕಾಲಿಗೆ ಬಿದ್ದ. 'ನನಗೆ ಗೊತ್ತಿತ್ತು, ಅಪ್ಪಯ್ಯ.'

'ಎಂದಿನಿಂದ?'

'ಆಷಾಢದಿಂದ.'

'ನಾನು ಕೇಳಿದಾಗಲೂ ಗೊತ್ತಿತ್ತೇ?'

'ಗೊತ್ತಿತ್ತು. ನೀವು ಗುರುಗಳು. ನಿಮಗೆ ಹೀಗೆ ಮಾಡಬೇಡಿ ಅಂತ ನಾನು ಹೇಗೆ ಹೇಳಲಿ? ನಿಮ್ಮ ಮನಸ್ಸಿಗೆ ನೋವಾದರೆ ಅಂತ ಸುಮ್ಮನಿದ್ದೆ.'

ಅಪ್ಪಯ್ಯ ಕಾಲು ಹಿಂದಕ್ಕೆ ತೆಗೆದುಕೊಂಡರು.

ಊಟದ ಹೊತ್ತಾಯಿತು. ಗೌರಕ್ಕ ಎಲೆ ಹಾಕಿ ಬಡಿಸಿದಳು. ಅಪ್ಪಯ್ಯ ತಮ್ಮ ಎಲೆಯನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದರು.

ಕಾಗೆಕಲ್ಲು ಮಳೆಗಾಲವಿಡೀ ಯಾರ ಕೈಯೂ ತಾಗದೆ ಬಿದ್ದಿತ್ತು. ಅದರ ಮೇಲೂ ಹಸಿರು ಪಾಚಿ ಕಟ್ಟಿತ್ತು. ಅಪ್ಪಯ್ಯ ಮೊಣಕಾಲೂರಿ ಕೂತು, ಉಗುರಿನಿಂದ ಕೆರೆದು, ಸ್ವಲ್ಪ ಜಾಗ ಮಾಡಿ, ಒಂದು ತುತ್ತು ಇಟ್ಟರು. ಎಲೆಯನ್ನು ಮುಂದಿಟ್ಟುಕೊಂಡು ಕಾಯುತ್ತಾ ಕೂತರು.

ಕಾಗೆ ಬರಲಿಲ್ಲ.

ಸಾರು ಆರಿತು. ಅನ್ನದ ಮೇಲೆ ನೊಣ ಕೂತಿತು. ಗೌರಕ್ಕ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಬಿಸಿಲು ಕಲ್ಲಿನ ಮೇಲಿಂದ ಇಳಿದು ಬೇಲಿಯ ಕಡೆಗೆ ಸರಿಯಿತು.

ಸುಬ್ರಾಯನಿಗೆ ತಡೆಯಲಾಗಲಿಲ್ಲ. ಬಂದು ಪಕ್ಕದಲ್ಲಿ ಕೂತ.

'ಅಪ್ಪಯ್ಯ, ಕಾಗೆಗಳು ಈ ಅಂಗಳವನ್ನು ಮರೆತಿವೆ. ಇವತ್ತು ಬರುವುದಿಲ್ಲ. ನಿಮಗೆ ವಯಸ್ಸಾಗಿದೆ, ಊಟ ಮಾಡಿ.'

'ಕಟ್ಟಳೆ ಎಂತದು?'

'ಬೇರೆ ಜೀವದ ಬಾಯಿಗೆ ಅನ್ನ ಬೀಳದೆ ತನ್ನ ಬಾಯಿಗೆ ಇಡಬಾರದು.'

'ಹೂಂ.'

'ಗುರುಗಳಿಗೂ ಕಟ್ಟಳೆಯೇ, ಅಪ್ಪಯ್ಯ? ನೀವು ತಿಳಿಯದೆ ಮಾಡಿದ್ದು. ನಿಮ್ಮದು ತಪ್ಪೇ ಅಲ್ಲ.'

ಅಪ್ಪಯ್ಯ ಖಾಲಿ ಆಕಾಶದಿಂದ ಕಣ್ಣು ತೆಗೆದು ಅವನನ್ನು ನೋಡಿದರು.

'ಇಗೋ, ಈ ಮಾತಿನಲ್ಲಿ ನೀನು ಮತ್ತೊಂದು ಹಿಡಿ ಹಾಕಿದೆ' ಅಂದರು. 'ನಾನು ತಿಳಿಯದೆ ಮೀನಿಗೆ ಹಾಕಿದೆ, ಸುಬ್ರಾಯ. ಆಷಾಢದಿಂದ ಈ ಗಳಿಗೆಯ ತನಕ, ತಿಳಿದೂ ತಿಳಿದೂ ದಿನಕ್ಕೊಂದು ಹಿಡಿ, ನೀನು ಯಾರಿಗೆ ಹಾಕುತ್ತಿದ್ದೀಯ?'